ವಿರೂಪಾಕ್ಷಿಯ ಸಕ್ಕರೆ

ವಿರೂಪಾಕ್ಷಿ ತನ್ನ ಸೊಂಟದ ಬೆಲ್ಟಿಗೆ ಕಾರ್ಖಾನೆಯ ಡ್ರಿಲ್ಲಿಂಗ್ ಮಷೀನಿನಲ್ಲಿ ತೂತು ಕೊರೆಯುತ್ತಿದ್ದ. ಕಬ್ಬಿಣ ಕೊರೆಯುವಷ್ಟೇ ಗಂಭೀರವಾಗಿ ಕೊರೆದು, ಬೆಲ್ಟು ಬಿಗಿದುಕೊಂಡು, ಅಂಗಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. "ನೋಡ್ರಪಾ, ಮತ್ತೊಂದು ತೂತು ಒಳಗ ಬಂತು!"

ಗುಜರಾತಿನ ವಡೋದರಾದ ಮಕರಪುರದಲ್ಲಿ ನಾವಿಬ್ಬರೂ ಫಿಟ್ಟರುಗಳಾಗಿದ್ದೆವು. ಅವನು ಗದಗಿನ ಕಡೆಯವನು, ನಾನು ಹುಬ್ಬಳ್ಳಿಯವನು. ನನಗಿಂತ ಚಿಕ್ಕವನಾದ್ದರಿಂದ ಅಣ್ಣಾ ಅನ್ನುತ್ತಿದ್ದ. ಭಾನುವಾರ ಬೆಳಿಗ್ಗೆ ಕನ್ನಡದವರನ್ನೆಲ್ಲ ಫಾಫ್ಡಾ ಎಂಬ ಕಡಲೆಹಿಟ್ಟಿನ ಕರಿದ ತಿಂಡಿ ಮತ್ತು ಜಿಲೇಬಿ ಮಾರುವ ಅಂಗಡಿಗೆ ಎಳೆದೊಯ್ಯುವವನು ಅವನೇ. ಕೊನೆಯ ಜಿಲೇಬಿ ಕಸಿಯುವವನೂ ಅವನೇ. ಇಲ್ಲಿಯ ಬೇಳೆಗೆ ಬೆಲ್ಲ ಹಾಕುವುದನ್ನು ಬೈಯುತ್ತಲೇ ಎರಡು ಬಟ್ಟಲು ಕುಡಿಯುತ್ತಿದ್ದ.

ಒಂದು ವರ್ಷ ಕಂಪನಿಯ ತಪಾಸಣೆಯಲ್ಲಿ ಅವನ ರಕ್ತದ ಸಕ್ಕರೆ ಮಿತಿಗಿಂತ ತುಸು ಮೇಲೆ ಬಂತು. ನನ್ನದೂ ಹಾಗೇ ಬಂತು. ಡಾಕ್ಟರು ಇಬ್ಬರಿಗೂ ಒಂದೇ ಮಾತು ಹೇಳಿದರು: ಇದಿನ್ನೂ ಕಾಯಿಲೆಯಲ್ಲ, ಗುಳಿಗೆ ಬೇಡ. ದಿನಾ ಚುರುಕಾಗಿ ನಡೆಯಿರಿ, ಸಿಹಿ ಮತ್ತು ಕರಿದದ್ದು ಕಡಿಮೆ ಮಾಡಿ, ಮೂರು ತಿಂಗಳ ಮೇಲೆ ಖಾಲಿ ಹೊಟ್ಟೆಯಲ್ಲಿ ಮತ್ತೆ ರಕ್ತ ಕೊಡಿ. ನಾನು ಆ ಕಾಗದ ಹರಿದು ಬಿಸಾಕಿ, ನನಗೆಲ್ಲ ನಾರ್ಮಲ್ ಎಂದು ಕ್ಯಾಂಟೀನಿನಲ್ಲಿ ಸಾರಿದೆ. ಅವನು ಮುಚ್ಚಿಡಲಿಲ್ಲ.

"ಗೇಜಿನ ಮುಳ್ಳು ಕೆಂಪು ಗೆರಿ ಮುಟ್ಟೇದ ಅಷ್ಟ. ಮಷೀನ್ ಕೆಟ್ಟಿಲ್ಲಣ್ಣಾ. ಈಗ ತಿರುವಿದ್ರ ಇಳೀತದ."

ತರಸಾಲಿಯ ಮನೆಯಿಂದ ಕಾರ್ಖಾನೆಗೆ ನಡೆದೇ ಬರತೊಡಗಿದ. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟ. ಜಿಲೇಬಿ ಅಂಗಡಿಗೆ ಬಂದರೂ ಮಾತಾಡುತ್ತ ನಿಂತಿರುತ್ತಿದ್ದ, ಮುಟ್ಟುತ್ತಿರಲಿಲ್ಲ.

"ಸಾಯೂದಕ್ಕ ಇಷ್ಟು ಹೆದರಿಕಿ ಏನೋ?" ಎಂದು ಕೆಣಕಿದೆ.

"ಸಾಯೂದಕ್ಕಲ್ಲಣ್ಣಾ. ಸಕ್ಕರಿ ಬ್ಯಾನಿ ನಮ್ಮಪ್ಪನ ಕಣ್ಣು ತಿಂತು. ಗ್ವಾಡಿ ತಡವಿಕೋತ ಬದುಕಿದ. ಹಂಗ ಬದುಕೂದಕ್ಕ ಹೆದರಿಕಿ."

ನನ್ನೊಬ್ಬನಿಗೆ ಹೇಳಿದ ಮಾತು ಅದು. ಮರುದಿನ ಕ್ಯಾಂಟೀನಿನಲ್ಲಿ ಒಬ್ಬ ಕಣ್ಣು ಮುಚ್ಚಿಕೊಂಡು ಗೋಡೆ ತಡವುತ್ತ ವಿರೂಪಾಕ್ಷಿಯ ಮೇಜಿನವರೆಗೆ ಬಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನಿಗೆ ಆಟ ಕಲಿಸಿ ಕಳಿಸಿದವನು ನಾನು. ವಿರೂಪಾಕ್ಷಿ ನನ್ನ ಕಡೆ ಒಮ್ಮೆ ನೋಡಿ, ತಾನೂ ನಕ್ಕ.

ಬೆಲ್ಟಿನ ತೂತುಗಳು ಒಳಗೆ ಸರಿಯುತ್ತಿದ್ದ ಹಾಗೆ ನನ್ನ ಮನೆಯಲ್ಲಿ ಮಾತು ಶುರುವಾಯಿತು. "ವಿರೂಪಾಕ್ಷಿ ನೋಡ್ರಿ, ಹುಡುಗನಂಗ ಆಗ್ಯಾನ. ನಿಮ್ಮ ಹೊಟ್ಟಿ ನಿಮಗಿಂತ ಮೊದಲ ಮನಿಯೊಳಗ ಬರ್ತದ" ಎಂದಳು ಹೆಂಡತಿ. ನನಗೆ ಅವನ ಮೇಲೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ಮೂರು ತಿಂಗಳಾಗಿ ಅವನು ರಕ್ತ ಕೊಡಲು ಹೊರಟ ಬೆಳಿಗ್ಗೆ ನಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದ. ಹಿಂದಿನ ದಿನ ನನ್ನ ಮಗಳ ಮದುವೆ ನಿಶ್ಚಯವಾಗಿತ್ತು. ಶುಭ ಸುದ್ದಿಗೆ ತಮ್ಮ ಕೈಯಿಂದಲೇ ಎದುರಿನವರ ಬಾಯಿಗೆ ಪೇಡೆ ಇಡುವುದು ಈ ಕಡೆಯ ಪದ್ಧತಿ. ಪೇಡೆ ಹಿಡಿದು ಅಡ್ಡ ನಿಂತೆ.

"ರಕ್ತಾ ಕೊಟ್ಟು ಬಂದು ತಿಂತೀನಣ್ಣಾ."

"ನನ್ನ ಮಗಳ ಸುದ್ದಿಗೆ ಬಾಯಿ ಮುಚ್ಚತೀ ಏನು? ಪೇಡೇಕ್ಕ ಏನಾಗ್ತದಲೇ?"

ಗದ್ದ ಹಿಡಿದು ಒಂದಾದ ಮೇಲೊಂದು ತುರುಕಿದೆ. ಮಗಳ ಶುಭಕ್ಕೆ ಬೇಡ ಅನ್ನಲಾರದೆ ನುಂಗಿದ. ಲ್ಯಾಬಿನಲ್ಲಿ ಹೇಳಲು ನಾಚಿ ಹಾಗೇ ರಕ್ತ ಕೊಟ್ಟು ಬಂದ.

ಸಂಜೆ ರಿಪೋರ್ಟು ನಾನೇ ತಂದುಕೊಡುತ್ತೇನೆಂದು ಹೇಳಿ ಹೋದೆ. ಲ್ಯಾಬಿನ ಹುಡುಗಿ ಹಿಂದಿಯಲ್ಲಿ ಕೇಳಿದಳು: "ಸಕ್ಕರೆ ಮೊದಲಿಗಿಂತ ಹೆಚ್ಚಿದೆ. ಏನಾದರೂ ತಿಂದು ಬಂದಿದ್ದರಾ, ಕಾಕಾ?"

"ಪೇಡೆ" ಎಂದೆ.

"ಹಾಗಿದ್ದರೆ ಇದನ್ನು ನಂಬಬೇಡಿ. ನಾಳೆ ಏನೂ ತಿನ್ನದೆ ಮತ್ತೆ ಬರಲಿ, ಅವರಿಗೆ ತಪ್ಪದೆ ಹೇಳಿ."

ಹೇಳಲಿಲ್ಲ. ಎಲ್ಲರೆದುರು ಕಾಗದ ಬೀಸಿ, "ನಾಯಿ ಅಲದಂಗ ಅಲದಿ, ಸಕ್ಕರಿ ಏರೇ ಏರೇದ!" ಎಂದೆ. ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ: "ಆ ಪೇಡೇದಿಂದ ಇರಬಹುದೇನಣ್ಣಾ?"

"ಕೇಳೇ ಬಂದೀನಿ. ಅದರಿಂದ ಏನೂ ಆಗಂಗಿಲ್ಲಂತ."

"ಹಂಗಾದ್ರ ಇದು ನಮ್ಮಪ್ಪನ ರಕ್ತ. ನಾ ಎಷ್ಟು ನಡದ್ರೂ ಅಷ್ಟ."

ಆ ಭಾನುವಾರ ಮತ್ತೆ ಜಿಲೇಬಿ ತಿಂದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಮತ್ತು ಅದೇ ವಾರ, ಗುರುತಿನವರು ಯಾರೂ ಬಾರದ ರಸ್ತೆಯಲ್ಲಿ, ನಾನು ಕದ್ದು ನಡೆಯತೊಡಗಿದೆ. ಅವನು ಕರಗಿದ್ದನ್ನು ಕಣ್ಣಾರೆ ಕಂಡಿದ್ದೆನಲ್ಲ. ಇವತ್ತಿಗೂ ನನ್ನ ಸಕ್ಕರೆ ಮಿತಿಯೊಳಗಿದೆ.

ಅವನು ಮತ್ತೆ ರಕ್ತ ಕೊಡಲು ಹೋಗಲಿಲ್ಲ, ಕಂಪನಿಯ ತಪಾಸಣೆಯನ್ನೂ ತಪ್ಪಿಸಿಕೊಳ್ಳುತ್ತಿದ್ದ. ಕಣ್ಣು ಮಂಜಾದ ಮೇಲೆಯೇ ಡಾಕ್ಟರ ಬಳಿ ಹೋಗಿದ್ದು, ಆಗ ತಡವಾಗಿತ್ತು. ನಡೆಯುತ್ತಿದ್ದರೂ ಕಾಯಿಲೆ ಬರುತ್ತಿತ್ತೇನೋ, ಯಾವ ಡಾಕ್ಟರೂ ಖಚಿತವಾಗಿ ಹೇಳಲಾರ. ಆ 'ಏನೋ' ಹಿಡಿದುಕೊಂಡೇ ನಾನು ವರ್ಷಗಟ್ಟಲೆ ಉಂಡು ಮಲಗಿದೆ.

ಕಳೆದ ಚಳಿಗಾಲ, ಸೂರತ್ತಿನ ಅವನ ಮಗಳ ಮನೆಗೆ ಹೋದೆ. ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದ. "ಬಾರಣ್ಣಾ! ನನ್ನಂಥ ಕುಡ್ಡನ್ನ ನೋಡಾಕ ಅಷ್ಟು ದೂರ ಬಂದಿ?" ಎಂದು ಸಂತೋಷಪಟ್ಟ. ಒಂದು ಪಾದ ತೆಗೆದಿದ್ದರು. "ನಮ್ಮಪ್ಪ ಕೊಟ್ಟ ಆಸ್ತಿ, ಯಾರಿಗೆ ಬೈಲಿ?" ಎಂದು ನಕ್ಕ. ನಿಜವಾಗಿಯೂ ಸಮಾಧಾನದಲ್ಲಿದ್ದ.

ನಾನು ಎಲ್ಲ ಹೇಳಿಬಿಟ್ಟೆ. ಲ್ಯಾಬಿನ ಹುಡುಗಿಯ ಮಾತನ್ನೂ ಬಿಡದೆ ಹೇಳಿದೆ.

ನನ್ನ ದನಿಯ ಕಡೆಯಿಂದ ಮುಖ ತಿರುಗಿಸಿದ. ಆಮೇಲೆ ಅಂದ: "ಇಷ್ಟು ವರ್ಷ ಕತ್ತಲಿ ಅಷ್ಟ ಇತ್ತು. ಇನ್ನ ದಿನಾ ನಿನ್ನ ಮಾರಿ ನೋಡಕೋತ ಕೂಡಬೇಕೇನು? ಹೋಗು." ಅಣ್ಣಾ ಅನ್ನಲಿಲ್ಲ.

ಯುಗಾದಿಗೆ ಮೊದಲೇ ಅವನು ತೀರಿಕೊಂಡ. ಅವನ ಮಗಳು ನನಗೆ ತಿಳಿಸಲಿಲ್ಲ. ಕ್ಷಮೆ ಕೇಳಲು ಹೋಗಿದ್ದೆ ಎಂದು ಹೆಂಡತಿಗೆ ಹೇಳಿದ್ದೇನೆ. ಅದು ನಿಜವಲ್ಲ. ಭಾರ ಇಳಿಸಲು ಹೋಗಿದ್ದೆ, ಇಳಿಸಿ ಬಂದೆ. ಆ ದಿನ ಸೂರತ್ತಿನ ಆ ಮನೆಯ ಮೆಟ್ಟಿಲನ್ನು ನಾನು ಹಗುರಾಗಿಯೇ ಇಳಿದೆ.