ಮಾರ್ಕ್ಸ್ ಕೇಳುವ ಕಂಡಕ್ಟರ್ ಬೀರಸಿದ್ದಪ್ಪ

ಗೋಕಾಕದಿಂದ ಕುಲಗೋಡಕ್ಕೆ ಹೋಗುವ ಬಸ್ಸಿಗೆ ಕಾಲೇಜಿನ ಹುಡುಗರು ಹತ್ತಿದರೆ ಕಂಡಕ್ಟರ್ ಬೀರಸಿದ್ದಪ್ಪ ಮೊದಲು ಊರು ಕೇಳುವುದಿಲ್ಲ, ಮಾರ್ಕ್ಸ್ ಕೇಳುತ್ತಾನೆ.

"ಹತ್ತನೇ ಕ್ಲಾಸಿನ್ಯಾಗ ಎಷ್ಟ ಬಿದ್ದಿದ್ವು? ಪಿಯುಸಿ? ಗಣಿತದಾಗ?"

ಹುಡುಗ ಹೇಳುತ್ತಾನೆ. ಬೀರಸಿದ್ದಪ್ಪ ಟಿಕೆಟ್ ಮಷಿನ್ ಹಿಡಿದುಕೊಂಡೇ ಒಂದು ಗಳಿಗೆ ಕಬ್ಬಿನ ಹೊಲಗಳ ಕಡೆ ನೋಡುತ್ತಾನೆ. ಆಮೇಲೆ ತೀರ್ಪು.

"ನಿನಗ ಧಾರವಾಡದಾಗ ಸೀಟ ಸಿಗ್ತೈತಿ. ಬೆಳಗಾವಿ ಆಗೂದಿಲ್ಲ. ಚಿಲ್ಲರ ತಗಿ."

ಹಾಗೇ ಆಗುತ್ತದೆ. ಅದು ಹೇಗೆ ಅಂತ ಯಾರಾದರೂ ಕೇಳಿದರೆ ಮುಚ್ಚುಮರೆ ಏನಿಲ್ಲ. ಅದೇ ಮಾರ್ಕ್ಸು, ಅದೇ ತರಹದ ಶಾಲೆ ಇರುವ ಮೂರು ಮಂದಿ ಹಿಂದೆ ತನ್ನ ಬಸ್ಸಿನಲ್ಲಿ ಓಡಾಡಿರಬೇಕು. ಆ ಮೂವರಿಗೆ ಏನು ಸಿಕ್ಕಿತೋ ಇವನಿಗೂ ಅದೇ. ಮೂವರು ನೆನಪಾಗದಿದ್ದರೆ ಬಾಯಿ ಬಿಡುವುದಿಲ್ಲ. ವಹಿ ಇಲ್ಲ, ಪೆನ್ನು ಇಲ್ಲ, ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಂಡ ಹುಡುಗರೆಲ್ಲ ತಲೆಯಲ್ಲೇ ಇದ್ದಾರೆ.

ಅವನು ಮಮದಾಪುರದವನು. ಪಿಯುಸಿಯಲ್ಲಿ ಐವತ್ತೆಂಟು ಪರ್ಸೆಂಟ್ ಬಿದ್ದಿತ್ತು. ಅದಕ್ಕೆ ಏನೇನು ಸಿಗುತ್ತದೆ ಅಂತ ಹೇಳುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಅಣ್ಣ ಒಂದು ಅರ್ಜಿ ತಂದ, ಇವನು ತುಂಬಿದ, ಕಂಡಕ್ಟರ್ ಆದ. ಆದದ್ದಕ್ಕೆ ಬೇಜಾರಿಲ್ಲ. ಆದರೆ ಆ ಐವತ್ತೆಂಟಕ್ಕೆ ಇನ್ನೇನು ಸಿಗುತ್ತಿತ್ತು ಎನ್ನುವ ಕುತೂಹಲ ಮಾತ್ರ ಇನ್ನೂ ಹೋಗಿಲ್ಲ.

ಹೋದ ಜನವರಿಯಲ್ಲಿ ಒಂದು ದಿನ ಕುಲಗೋಡದ ಕರೆವ್ವನ ಮಗಳು ಆಮ್ರಪಾಲಿ ಮುಂದಿನ ಸೀಟಿಗೆ ಬಂದು ಕೂತಳು. ನಾಲ್ಕು ವರ್ಷದಿಂದ ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ಕಾರ್ಖಾನೆ ನಡೆಸುವುದನ್ನೇ ಕಲಿಯಬೇಕು ಅಂತ ಎಂಬಿಎ ಪರೀಕ್ಷೆ ಬರೆದು, ನೂರಕ್ಕೆ ತೊಂಬತ್ತೇಳು ಮಂದಿಯನ್ನು ಹಿಂದೆ ಹಾಕಿದ್ದಳು. ಎರಡು ಕಡೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಒಂದು ದೇಶಕ್ಕೇ ಹೆಸರಾದ ದೊಡ್ಡ ಸಂಸ್ಥೆ, ಸಂದರ್ಶನ ಬೆಂಗಳೂರಲ್ಲಿ. ಇನ್ನೊಂದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಪುಣೆಯಲ್ಲಿ. ಎರಡೂ ಫೆಬ್ರುವರಿ ಇಪ್ಪತ್ತೊಂದಕ್ಕೆ, ಮುಂಜಾನೆ ಹತ್ತಕ್ಕೆ.

"ಯಾವುದಕ್ಕ ಹೋಗ್ಲಿ ಹೇಳ್ರಿ ಕಾಕಾ. ಒಂದು ಬಿಡಾಕೇ ಬೇಕು."

"ಎಷ್ಟ ಮಂದಿನ್ನ ಕರೀತಾರ, ಎಷ್ಟ ಮಂದಿನ್ನ ತಗೋತಾರ?"

"ಬೆಂಗಳೂರಾಗ ಹತ್ತ ಮಂದಿಗೆ ಒಬ್ಬರು. ಪುಣೆದಾಗ ಮೂರಕ್ಕೊಬ್ಬರು."

ಬೀರಸಿದ್ದಪ್ಪ ಹೊಲದ ಕಡೆ ನೋಡಿದ. "ನಿನ್ನಂಥವರು ಮೂರು ಮಂದಿ ಹೋಗ್ಯಾರ ತಂಗಿ. ಮೂವರೂ ಇಂಜಿನಿಯರು. ಇಬ್ಬರಿಗೆ ಅಂಥಾ ದೊಡ್ಡದಾಗೇ ಸಿಕ್ತು. ಮೂರನೇದಾವ ನಿಮ್ಮೂರ ಮಹೇಶ. ಅವಂಗೂ ಪಕ್ಕಾ ಅಂದಿದ್ದೆ."

"ಸಿಕ್ತೇನ್ರಿ?"

"ಸಿಕ್ಕಿರಬೇಕು."

"ಅವರ ಬಂದ ಹೇಳಿದ್ರೇನ್ರಿ?"

"ಇಲ್ಲ. ಆಮ್ಯಾಲ ಅವ ನನ್ನ ಬಸ್ಸ ಹತ್ತೇ ಇಲ್ಲ."

ಆಮ್ರಪಾಲಿ ಅವನ ಕಡೆ ತಿರುಗಿದಳು. "ಕಾಕಾ, ಸಿಟ್ಟ ಆಗಬ್ಯಾಡ್ರಿ. ಸಿಕ್ಕವರು ಓಡಿ ಬಂದ ಹೇಳ್ತಾರ. ಸಿಗಲಾರದವರು ಯಾಕ ಬಂದ ಹೇಳ್ತಾರ್ರಿ?"

ಬೀರಸಿದ್ದಪ್ಪನಿಗೆ ಸಿಟ್ಟು ಬರಲಿಲ್ಲ. ಅದಕ್ಕಿಂತ ವಿಚಿತ್ರವಾದದ್ದೇನೋ ಆಯಿತು. ತಲೆಯಲ್ಲಿ ಎಣಿಸಲು ಶುರು ಮಾಡಿದ. ಮಾರ್ಕ್ಸ್ ಹೇಳಿ ಹೋದವರು, ತಿರುಗಿ ಬಂದು ಏನಾಯಿತೆಂದು ಹೇಳಿದವರು. ಮೊದಲನೆಯವರು ಬಸ್ಸು ತುಂಬಿ ಬಾಗಿಲಲ್ಲಿ ಜೋತಾಡುವಷ್ಟಿದ್ದರು. ಎರಡನೆಯವರಿಗೆ ಮುಂದಿನ ನಾಲ್ಕು ಸೀಟು ಸಾಕಾಗುತ್ತಿತ್ತು. ಉಳಿದವರೆಲ್ಲ ಎಲ್ಲಿ ಹೋದರು? ಇಷ್ಟು ವರ್ಷ ಇದನ್ನು ಕೇಳಬೇಕು ಅಂತ ತನಗೇ ಯಾಕೆ ಹೊಳೆಯಲಿಲ್ಲ? ಕುಲಗೋಡದಲ್ಲಿ ಆಮ್ರಪಾಲಿ ಇಳಿಯುವಾಗ ಅಂದ: "ಮೊದಲ ಮಹೇಶನ್ನ ಕಂಡ ಬರ್ತೀನಿ ತಂಗಿ."

ವಾರದ ರಜೆ ಗುರುವಾರ ಬಂತು. ಬೀರಸಿದ್ದಪ್ಪ ಅವರಿವರನ್ನು ಕೇಳಿ ಬೈಕ್ ಮೇಲೆ ಮಸಗುಪ್ಪಿಗೆ ಹೋದ. ಮಹೇಶ ಅಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದ. ಇವನನ್ನು ಕಂಡವನೇ ಪೈಪಿನ ಸುರುಳಿ ಕೆಳಗಿಟ್ಟ.

"ಏನ್ರಿ ಕಾಕಾ, ಬೈಕ್‌ನ್ಯಾಗ ಅಡ್ಡಾಡಾವರ ಟಿಕೆಟ್ ನೋಡಾಕ ಬಂದ್ರೇನು?"

"ನಿನಗ ಸಿಗಲಿಲ್ಲೇನೋ?"

"ಸಿಕ್ಕಿದ್ರ ಇಲ್ಲಿ ಪೈಪ್ ಮಾರ್ತಿದ್ನೇನ್ರಿ? ನೀವು ಪಕ್ಕಾ ಅಂದ್ರಿ. ನಾ ಇನ್ನೊಂದ ಕಡಿ ಹೋಗಲೇ ಇಲ್ಲ. ಎರಡೂ ಒಂದೇ ದಿನ ಇದ್ವು."

ಬೀರಸಿದ್ದಪ್ಪ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತ. "ಇನ್ನೊಂದ ಇದ್ದದ್ದ ನಾ ಕೇಳಲೇ ಇಲ್ಲ. ತಪ್ಪಾತಪ್ಪ."

"ಹೋಗ್ಲಿ ಬಿಡ್ರಿ. ಹೂಂ ಅಂದಾವ ನಾನು. ನಿಮ್ಮ ಬಸ್ಸ ಹತ್ತಿದ್ರ ನೀವು ಕೇಳ್ತಿದ್ರಿ, ಎಲ್ಲಾರ ಮುಂದ ಹೇಳಬೇಕಾಗ್ತಿತ್ತು. ಅದಕ್ಕ ಬೈಕ್ ತಗೊಂಡೆ."

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಎದ್ದು ಹೋಗುತ್ತಿದ್ದ. ಬೀರಸಿದ್ದಪ್ಪನಿಗೆ ಆಗಲಿಲ್ಲ. "ಅಲ್ಲಪಾ ಮಹೇಶ, ಒಳಗ ಏನೇನ ಕೇಳಿದ್ರು?"

ಮಹೇಶ ಅವನನ್ನೇ ನೋಡಿ ನಗತೊಡಗಿದ. ಮೂರು ವರ್ಷದಲ್ಲಿ ಇದನ್ನು ಒಬ್ಬರೂ ಕೇಳಿರಲಿಲ್ಲ. ಚಹಾ ತರಿಸಿದ. ಎಕರೆ ಕಬ್ಬಿಗೆ ಎಷ್ಟು ನೀರು ಬೇಕು ಅಂತ ಕೇಳಿದ್ದರಂತೆ. ಹೊಲದಲ್ಲೇ ಬೆಳೆದವನು ಅದನ್ನು ಬಿಟ್ಟು ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಭಾಷಣ ಒಪ್ಪಿಸಿದ್ದನಂತೆ. ಹೇಳುತ್ತಾ ಹೇಳುತ್ತಾ ಒಂದು ಗಂಟೆಯಾಯಿತು. ಕೊನೆಗೆ ಅಂದ:

"ಇನ್ನೊಂದ ಮಾತ್ರಿ. ಎರಡೂ ಒಂದೇ ದಿನ ಬಂದ್ರ, ಒಂದರ ದಿನ ಬದಲಿ ಮಾಡ್ರಿ ಅಂತ ಮೇಲ್ ಹಾಕಬೇಕಿತ್ತಂತ. ಕೇಳಿದ್ರ ಮಾಡಿ ಕೊಡ್ತಾರಂತ. ನನಗ ಎಲ್ಲಾ ಮುಗದ ಮ್ಯಾಲ ಗೊತ್ತಾತು."

ಬೀರಸಿದ್ದಪ್ಪ ಚಹಾದ ಕಪ್ಪು ಕೆಳಗಿಟ್ಟ. "ಇದನ್ನ ನಮ್ಮ ಆಮ್ರಪಾಲಿಗೆ ಹೇಳ್ತಿಯೇನು? ನಾ ಹೇಳಿದ್ರ ಮತ್ತ ಎಲ್ಲೆರ ತಪ್ಪೀತು."

ಮಹೇಶ ಅಲ್ಲೇ ಫೋನ್ ಹಚ್ಚಿದ. ಆಮ್ರಪಾಲಿ ಆ ರಾತ್ರಿಯೇ ಎರಡೂ ಕಡೆ ಬರೆದಳು. ಬೆಂಗಳೂರಿನವರು ಆಗುವುದಿಲ್ಲ ಅಂದರು. ಪುಣೆಯವರು ಇಪ್ಪತ್ನಾಲ್ಕಕ್ಕೆ ಬನ್ನಿ ಅಂದರು. ಯಾವುದನ್ನೂ ಬಿಡದೆ ಎರಡಕ್ಕೂ ಹೋಗಿ ಬಂದಳು. ಅದಕ್ಕೆ ಮೊದಲು ಮಹೇಶ ಹದಿನೈದು ದಿನ ಫೋನಿನಲ್ಲೇ ಕಬ್ಬು, ಸಕ್ಕರೆ, ಕರೆಂಟು ಅಂತ ಪ್ರಶ್ನೆ ಕೇಳಿ ಕೇಳಿ ಅವಳ ಜೀವ ತಿಂದಿದ್ದ.

ಏಪ್ರಿಲ್‌ನಲ್ಲಿ ಒಂದು ಸಂಜೆ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಅವಳು ಹತ್ತಿ ಬಂದಳು.

"ಪುಣೆದು ಆತ್ರಿ ಕಾಕಾ. ಜೂನ್‌ನ್ಯಾಗ ಹೊಂಟೇನಿ. ಬೆಂಗಳೂರಿಂದು ಆಗಲಿಲ್ಲ."

ಹಿಂದಿನ ಸೀಟಿನವರು ಚಪ್ಪಾಳೆ ತಟ್ಟಿದರು. ಬೀರಸಿದ್ದಪ್ಪನ ಮುಖ ಅರಳಿತು. ಟಿಕೆಟ್ ಮಷಿನ್ ತೊಡೆಯ ಮೇಲಿಟ್ಟುಕೊಂಡು ಅವಳ ಬಾಜೂ ಕೂತೇ ಬಿಟ್ಟ.

"ಭಾಳ ಚಲೋ ಆತು ತಂಗಿ. ಪುಣೆದು ಆಮ್ಯಾಲ ಹೇಳುವಂತಿ. ಬೆಂಗಳೂರಿಂದು ಆಗಲಿಲ್ಲ ಅಂದ್ಯಲ್ಲ, ಅಲ್ಲೇನ ಕೇಳಿದ್ರು? ಅದನ್ನ ಮೊದಲ ಹೇಳು."

"ಮೊದಲನೇ ಪ್ರಶ್ನೆಗೇ ತಡವರಿಸಿದ್ನಿರಿ," ಅಂತ ಅವಳು ಶುರು ಮಾಡಿದಳು. ಸೀಟಿ ಊದುವವನು ಹೀಗೆ ಕೂತದ್ದರಿಂದ ಬಸ್ಸು ನಿಂತಲ್ಲೇ ನಿಂತಿತ್ತು. ಡ್ರೈವರ್ ಎರಡು ಸಲ ತಿರುಗಿ ನೋಡಿ, ಎಂಜಿನ್ ಬಂದ್ ಮಾಡಿ, ತಾನೂ ಕಿವಿಗೊಟ್ಟ.