ರತ್ನಮ್ಮನ ಮನೆಯ ಗ್ಯಾಸ್ ಯಾರಿಗೆ?

ಜಂಗಮಕೋಟೆಯ ನನ್ನ ವಾರಗಿತ್ತಿ ರತ್ನಮ್ಮನ ಫೋಟೊ ಪೋಸ್ಟರಿನಲ್ಲಿ ಬರುತ್ತದಂತೆ. ‘ಹೊಗೆಯಿಲ್ಲದ ಮಾದರಿ ಮನೆ’ ಅಂತ. ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಹೊಟ್ಟೆಕಿಚ್ಚೇ? ಹೌದು ಸ್ವಾಮಿ, ಹೊಟ್ಟೆಕಿಚ್ಚೇ. ಚಿಕ್ಕಬಳ್ಳಾಪುರದ ನನ್ನ ಮನೆಯ ತಾರಸಿ ಮೇಲೆ ಸೋಲಾರ್ ಇದೆ. ಅಡುಗೆಮನೆಯಲ್ಲಿ ಇಂಡಕ್ಷನ್ ಇದೆ. ಇದೇ ಅಂಕಣದಲ್ಲಿ ಪರಿಸರ, ಪರಿಸರ ಅಂತ ನಿಮ್ಮ ತಲೆ ತಿಂದವಳು ನಾನು. ಪೋಸ್ಟರ್ ಮಾತ್ರ ಅವಳಿಗೆ! (ಮೊದಲಿನಿಂದಲೂ ಅಷ್ಟೇ. ಮುದ್ದೆ ತಿರುವಿದ್ದು ನಾನಾದರೂ ಅತ್ತೆ ಹೊಗಳುತ್ತಿದ್ದುದು ಅವಳನ್ನೇ.)

ಕಳೆದ ಗುರುವಾರ ಬಸ್ಸು ಹತ್ತಿದೆ. ಅಭಿನಂದನೆ ಹೇಳಿ ಬರುತ್ತೇನೆ ಎಂದು ನಮ್ಮ ಮನೆಯವರಿಗೆ ಹೇಳಿದ್ದೆ. ಹೋಗಿದ್ದು ಹುಳುಕು ಹುಡುಕಲು.

ಜಗಲಿಯಲ್ಲಿ ನನ್ನ ಮೈದುನ ಹೊಸ ಶರ್ಟು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಟ್ಯಾಬ್ ಹಿಡಿದ, ಅಡುಗೆ ಇಂಧನದ ಸರಕಾರಿ ಸರ್ವೆಯ ಮೇಡಂ. ಫೋಟೊ ತೆಗೆಯಲು ಬಂದಿದ್ದರು.

“ಇವರ ಮನೇನೇ ಯಾಕೆ ಆರಿಸಿದ್ರಿ?” ಎಂದೆ, ನಗುನಗುತ್ತಲೇ.

“ಗ್ಯಾಸ್ ಕನೆಕ್ಷನ್ ಎಲ್ರಿಗೂ ಇದೆ ಮೇಡಂ. ಆದ್ರೆ ಎಲ್ರೂ ಹಚ್ಚಲ್ಲ. ಅದಕ್ಕೇ ವರ್ಷಕ್ಕೆ ಎಷ್ಟು ಸಿಲಿಂಡರ್ ಖಾಲಿ ಆಗುತ್ತೆ ಅಂತ ನೋಡ್ತೀವಿ. ಅದೇ ನಮ್ಮ ಸೂಚಕ. ಈ ಊರಲ್ಲಿ ಇವರದೇ ಜಾಸ್ತಿ.”

ಈ ಅಂಕಿ ತಾಲ್ಲೂಕಿನಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ಹೋಗುತ್ತದಂತೆ. ದೇಶದ ಇಂಧನ ನೀತಿ ಅದರ ಮೇಲೆಯೇ ನಿಲ್ಲುತ್ತದಂತೆ. ಹೊಗೆ ಇರುವ ಮನೆಗೆ ಗೋಬರ್ ಗ್ಯಾಸ್ ಕೊಡುತ್ತಾರೆ. ಹೊಗೆ ಇಲ್ಲದ ಮನೆ ಪಟ್ಟಿಯಿಂದ ಹೊರಗೆ. ಸೂಚಕವೇನೋ ಚೆನ್ನಾಗಿಯೇ ಇತ್ತು. ಅದೇ ನನಗೆ ಇನ್ನಷ್ಟು ಸಂಕಟ.

ವಾರಗಿತ್ತಿಯನ್ನು ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಕಣ್ಣು ಬಿಡಲಾಗಲಿಲ್ಲ. ಎಲೆ ಬಿಡಿಸಿದ ಹಿಪ್ಪುನೇರಳೆ ಕಡ್ಡಿ ಒಲೆಯಲ್ಲಿ ಹೊಗೆಯಾಡುತ್ತಿತ್ತು. ಅದರ ಮುಂದೆ ಊದುಗೊಳವೆ ಹಿಡಿದು ರತ್ನಮ್ಮ ಕೆಮ್ಮುತ್ತಿದ್ದಳು.

“ಗ್ಯಾಸ್ ಎಲ್ಲೇ?”

“ಹುಳು ಮನೇಲಿದೆ ಅಕ್ಕ.”

ಹಿತ್ತಲಿಗೆ ಹೋಗಿ ನೋಡಿದೆ. ರೇಷ್ಮೆ ಹುಳುಗಳ ತಟ್ಟೆಗಳ ನಡುವೆ ಗ್ಯಾಸ್ ಒಲೆ ನೀಲಿಯಾಗಿ ಉರಿಯುತ್ತಿತ್ತು. ಗೋಡೆಗೆ ಥರ್ಮಾಮೀಟರ್ ಬೇರೆ. ಚಳಿಯಾದರೆ ಹುಳು ಸರಿಯಾಗಿ ಮೇಯುವುದಿಲ್ಲ. ಹೊಗೆ ತಾಗಿದರೆ ಉಳಿಯುವುದಿಲ್ಲ.

“ನಿನ್ ಕೆಮ್ಮಿನ ಗತಿ?”

“ನಾನೇನ್ ಗೂಡು ಕಟ್ತೀನಾ ಅಕ್ಕ?” ಎಂದು ನಕ್ಕಳು. ಆಮೇಲೆ ನಗು ನಿಂತಿತು. “ಹೊಗೆ ಹತ್ರ ಹೋಗ್ಬೇಡಮ್ಮ ಅಂದ್ರು ಡಾಕ್ಟ್ರು. ಹೋಗ್ದೆ ಮುದ್ದೆ ಹೆಂಗೆ ಬೇಯುತ್ತೆ? ಒಂದೊಂದ್ ದಿನ ಆ ಹುಳ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣಕ್ಕ.”

ಜಗಲಿಗೆ ಬಂದು ಎಲ್ಲವನ್ನೂ ಹೇಳಿಬಿಟ್ಟೆ. ಕನಿಕರದಿಂದಲೇ? ನಿಮ್ಮ ಹತ್ತಿರ ಸುಳ್ಳೇಕೆ, ಆ ಕ್ಷಣ ನನ್ನ ತಲೆಯಲ್ಲಿದ್ದುದು ಪೋಸ್ಟರ್.

“ಗ್ಯಾಸ್ ಯಾವುದಕ್ಕೆ ಅಂತ ಕೇಳೋ ಕಾಲಂ ಇಲ್ವಲ್ಲ ಮೇಡಂ,” ಎಂದರು ಸರ್ವೆಯ ಮೇಡಂ. ಆದರೂ ಎದ್ದು ಒಳಗೆ ಹೋದರು. ಕೆಮ್ಮುತ್ತಾ ಹೊರಗೆ ಬಂದರು. ಟ್ಯಾಬಿನಲ್ಲಿ ‘ಗ್ಯಾಸ್’ ಅಳಿಸಿ ‘ಸೌದೆ’ ಎಂದು ಒತ್ತಿದರು. ಪೋಸ್ಟರ್ ಹೋಯಿತು. ರತ್ನಮ್ಮನ ಹೆಸರು ಗೋಬರ್ ಗ್ಯಾಸ್ ಪಟ್ಟಿಗೆ ಸೇರಿತು. ನನಗೆ ಖುಷಿಯೋ ಖುಷಿ, ಎರಡಕ್ಕೂ.

ಮೈದುನನಿಗೆ ಸಿಟ್ಟು ಬಂದಿರುತ್ತದೆ ಎಂದುಕೊಂಡೆ. ಅವನ ಮುಖ ಅರಳಿತ್ತು.

“ಒಳ್ಳೇದೇ ಆಯ್ತು ಬಿಡಿ ಅತ್ತಿಗೆ. ಗೋಬರ್ ಗ್ಯಾಸ್ ಬಂದ್ರೆ ಹುಳು ಮನೆಗೆ ಇನ್ನೊಂದು ಒಲೆ ಆಗುತ್ತೆ.”

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ರತ್ನಮ್ಮ ಲೋಟವನ್ನು ನನ್ನ ಕೈಗಿಟ್ಟು ಮತ್ತೆ ಒಲೆಯ ಮುಂದೆ ಹೋಗಿ ಕೂತಳು.

ಒಂದು ಮನೆಯಲ್ಲಿ ಯಾರ ಉಸಿರು ಮೊದಲು ಎಂದು ತೋರಿಸುವ ಸೂಚಕ ದೆಹಲಿಯಲ್ಲಿ ಯಾರ ಬಳಿಯಾದರೂ ಇದೆಯೇ?