ಚಿಟಿಕೆ ಶೇಂಗಾಪುಡಿ

ಪಥ್ಯದ ಉಂಡೆಯಲ್ಲಿ ಶೇಂಗಾಪುಡಿ ಬೆರೆಸಿದವಳು ನಾನು. ಮೊದಲ ಸಲ ತಿಳಿಯದೆ. ಆಮೇಲೆ ತಿಂಗಳುಗಟ್ಟಲೆ, ತಿಳಿದೂ ತಿಳಿದೂ. ನಿಮ್ಮ ತಂದೆ ಹಕೀಮ್ ಸಾಬರ ಔಷಧದಲ್ಲಿ ಯಾವ ದೋಷವೂ ಇರಲಿಲ್ಲ, ಖೈರುನ್ನಿಸಾ ಅವರೇ. ದೋಷ ನನ್ನ ಕೈಯಲ್ಲಿತ್ತು.

ನನ್ನ ಹೆಸರು ನೀಲಮ್ಮ. ನಿಮಗೆ ನೆನಪಿರಲಾರದು. ಮಲ್ದಕಲ್ ಹತ್ತಿರದ ನಮ್ಮ ಊರಿಗೆ ನಿಮ್ಮ ತಂದೆ ಗದ್ವಾಲಿನಿಂದ ಎಂಟು ದಿನಕ್ಕೊಮ್ಮೆ ತಟ್ಟು ಕುದುರೆ ಏರಿ ಬರುತ್ತಿದ್ದಾಗ ನೀವಿನ್ನೂ ಚಿಕ್ಕವರು. ನನ್ನ ತಂದೆ ನಾರಾಯಣಪೇಟೆಯ ಮಠದ ಜಗಲಿಯಲ್ಲಿ ಕನ್ನಡ ಕಲಿಸುತ್ತಿದ್ದರು. ಅದರಿಂದ ನನಗೆ ಬರೆಯಲು ಬರುತ್ತದೆ. ಬರೆಯಲು ಬಂದೂ ಇಷ್ಟು ವರ್ಷ ಬರೆಯಲಿಲ್ಲ — ಅದೂ ಒಂದು ತಪ್ಪೇ.

ಗಂಡ ತೀರಿಕೊಂಡ ಮೇಲೆ ನಾನು ಮಗಳು ಪಾರ್ವತಿಯೊಡನೆ ಗಂಡನ ಅಣ್ಣ ಶರಣಪ್ಪನ ಮನೆಯಲ್ಲೇ ಉಳಿದೆ. ಭಾವ ಊರಿನ ಪಟೇಲ. ಪೊಲೀಸ್ ಆಕ್ಷನ್ನಿಗೆ ತಿಂಗಳ ಮುಂಚೆ, ರಜಾಕಾರರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಊರಿಗೆ ಊರೇ ಖಾಲಿಯಾಗುತ್ತಿತ್ತು. ತುಂಗಭದ್ರೆ ದಾಟಿ ಕರ್ನೂಲಿನ ಕಡೆ ಹೋದರೆ ಬದುಕಿದಂತೆ. ನಮ್ಮ ಮನೆಯಲ್ಲೂ ಗಾಡಿ ಕಟ್ಟಿದರು. ಅವತ್ತು ಪಾರ್ವತಿಗೆ ಮೈ ಸುಡುವಷ್ಟು ಜ್ವರ. ಆರು ವರ್ಷದ ಕೂಸು, ಎಷ್ಟು ಜಾಗ ಬೇಕಾಗಿತ್ತು? ಆದರೆ ಗಾಡಿಯಲ್ಲಿ ಟ್ರಂಕುಗಳಿದ್ದವು, ಜರಿ ಸೀರೆಗಳ ಗಂಟುಗಳಿದ್ದವು, ಭಾವನ ಹೆಂಡತಿ ಮಕ್ಕಳಿದ್ದರು.

"ಇವರನ್ನ ಹೊಳಿದಂಡಿಗೆ ಬಿಟ್ಟು ಗಾಡಿ ತಿರಿಗಿ ಕಳಸ್ತೀನಿ," ಅಂದ ಭಾವ. "ಸಂಜಿ ಆಗೂದ್ರಾಗ ಬರ್ತೈತಿ. ಕೂಸಿನ್ನ ತಯಾರ ಮಾಡಿ ಕುಂದ್ರು."

ನಾನು ತಯಾರು ಮಾಡಿ ಕೂತೆ. ಗಾಡಿ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಯಿಗಳು ಬಿಟ್ಟರೆ ಯಾರೂ ಇಲ್ಲದ ಊರಿನಲ್ಲಿ ಪಾರ್ವತಿ ನಾಲ್ಕನೆಯ ದಿನ — ಅದನ್ನು ಬರೆಯಲಾರೆ. ಗುಂಡಿ ತೋಡಿದವಳೂ ನಾನೇ ಎಂದಷ್ಟೇ ಹೇಳುತ್ತೇನೆ.

ಗದ್ದಲವೆಲ್ಲ ಮುಗಿದ ಮೇಲೆ ಭಾವ ತಿರುಗಿ ಬಂದ. "ಎತ್ತು ಕುಂಟಾಕ ಹತ್ತಿದ್ವು, ಏನ್ ಮಾಡಾಕ ಬರ್ತದ" ಅಂದ. ನಂಬಿದೆ. ಆದರೆ ಕೆಲವು ವಾರಗಳ ಮೇಲೆ ಗಾಡಿ ಹೊಡೆದಿದ್ದ ಈರಪ್ಪ ಕೊಟ್ಟಿಗೆಯಲ್ಲಿ ನನ್ನೆದುರು ತಡೆಯಲಾರದೆ ಅತ್ತುಬಿಟ್ಟ. "ಎತ್ತು ಕುಂಟಿದ್ದಿಲ್ಲ ತಂಗೀ. ತಿರಿಗಿ ಕಳಿಸಿದ್ರ ದಾರ್‍ಯಾಗ ಯಾರರೆ ಎತ್ತು ಹೊಡ್ಕೊಂಡು ಹೋಗ್ತಾರಂತ ದಣಿ ಅಲ್ಲೇ ಕಟ್ಟಿ ಹಾಕಿಸಿದ."

ಜೋಡಿ ಎತ್ತಿನ ಆಸೆಗೆ ನನ್ನ ಮಗಳು ಹೋಗಿದ್ದಳು. ಅವತ್ತೂ ಎಂದಿನಂತೆ ಒಲೆ ಹಚ್ಚಿದೆ, ರೊಟ್ಟಿ ಬಡಿದೆ, ಅದೇ ಭಾವನಿಗೆ ಬಡಿಸಿದೆ. ಬಡಿಸುವಾಗ ಅವನ ಕುತ್ತಿಗೆ ನೋಡುತ್ತಿದ್ದೆ.

ಮುಂದಿನ ಬೇಸಿಗೆಗೆ ಅವನ ಮೈಮೇಲೆ ಗಂಧೆ ಏಳತೊಡಗಿತು. ಕೆಂಪು ದದ್ದು, ತಡೆಯಲಾರದ ತುರಿಕೆ, ಒಮ್ಮೊಮ್ಮೆ ತುಟಿ ಬಾವು. ನಿಮ್ಮ ತಂದೆಯನ್ನು ಕರೆಸಿದರು. ಅವರು ನಾಡಿ ಹಿಡಿದು, ನಾಲಿಗೆ ನೋಡಿ, ಯಾವುದೋ ಒಂದು ಪದಾರ್ಥ ಈ ದೇಹಕ್ಕೆ ಒಗ್ಗುತ್ತಿಲ್ಲ, ಅದನ್ನು ಹುಡುಕಬೇಕು ಅಂದರು. ನಲವತ್ತು ದಿನ ಬರೀ ಹಳೆಯ ಅಕ್ಕಿ, ಹೆಸರುಬೇಳೆ, ತುಪ್ಪ, ಬೆಲ್ಲ, ಜೀರಿಗೆ, ಉಪ್ಪು. ಆಮೇಲೆ ಎಂಟು ದಿನಕ್ಕೊಂದರಂತೆ ಜೋಳ, ಹಾಲು, ತೊಗರಿ, ಹುಣಸೆ ಸೇರಿಸುತ್ತ ಹೋಗುವುದು. ಯಾವುದು ಸೇರಿದಾಗ ಗಂಧೆ ಏಳುತ್ತದೋ ಅದೇ ಕಳ್ಳ. ಶೇಂಗಾದ ಸರದಿ ಕೊನೆಗಿತ್ತು.

ಭಾವನಿಗೆ ಮಧ್ಯಾಹ್ನ ಮಿರ್ಚಿ ಭಜಿ ಇಲ್ಲದಿದ್ದರೆ ಮನೆಯೇ ಮೇಲೆ ಕೆಳಗೆ ಆಗುತ್ತಿತ್ತು. ಅದಕ್ಕೆ ನಿಮ್ಮ ತಂದೆ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಕೇಳಿದರು: "ಇಷ್ಟರಾಗ ಬಾಯಿರುಚಿಗೆ ಏನರೆ ಮಾಡಾಕ ಆಗ್ತದೇನ್ ಬೇಟಿ? ಹೊಟ್ಟಿ ತುಂಬಿದ್ರೂ ಬಾಯಿ ಹಸದಿದ್ರ ಮನಷ್ಯಾ ಪಥ್ಯದ ಪರಹೇಜ್ ಮುರೀತಾನ."

ಮಾಡಿದೆ. ಅಕ್ಕಿಯನ್ನು ಕೆಂಪಗೆ ಹುರಿದು, ಬೀಸಿ, ಬಿಸಿ ತುಪ್ಪ ಬೆಲ್ಲದಲ್ಲಿ ಉಂಡೆ ಕಟ್ಟಿದೆ. ಮಂಡಕ್ಕಿಯನ್ನು ತುಪ್ಪ ಜೀರಿಗೆಯಲ್ಲಿ ಗರಿಗರಿ ಆಗುವವರೆಗೆ ಆಡಿಸಿದೆ. ನೆನೆಸಿದ ಹೆಸರುಬೇಳೆ ತರಿತರಿಯಾಗಿ ರುಬ್ಬಿ ಉಗಿಯಲ್ಲಿ ಬೇಯಿಸಿ, ಮೇಲೆ ತುಪ್ಪ ಬಿಟ್ಟೆ. ಆರೇ ಪದಾರ್ಥದಲ್ಲಿ ಇಷ್ಟು ರುಚಿ ಇದೆಯೆಂದು ನನಗೇ ತಿಳಿದಿರಲಿಲ್ಲ. ಭಾವ ಬೆರಳು ನೆಕ್ಕುತ್ತಿದ್ದ. ನಲವತ್ತು ದಿನದಲ್ಲಿ ಅವನ ಮೈ ಕನ್ನಡಿಯ ಹಾಗಾಯಿತು. ನಿಮ್ಮ ತಂದೆ ಸಂತೋಷದಿಂದ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ನನ್ನ ದವಾ ಅರ್ಧ, ನಿನ್ನ ಕೈ ಅರ್ಧ. ನಿನ್ನ ಕೈ ಮ್ಯಾಲೆ ನನಗ ಭರೋಸಾ ಐತಿ, ಬೇಟಿ."

ನಲವತ್ತೊಂದನೆಯ ದಿನ ಬೆಳಿಗ್ಗೆ ಜೋಳದ ರೊಟ್ಟಿ ಕೊಟ್ಟೆ. ಅದೇ ದಿನ ನಾನು, ಮನೆಮಂದಿಗೆ ಚಟ್ನಿಪುಡಿ ಕುಟ್ಟಿದ್ದ ಒರಳನ್ನು ಸರಿಯಾಗಿ ಒರೆಸದೆ, ಅದರಲ್ಲೇ ಉಂಡೆಯ ಬೆಲ್ಲ ಕುಟ್ಟಿದೆ. ಉಂಡೆ ತಿಂದ ಗಳಿಗೆಯಲ್ಲೇ ಭಾವನ ತುಟಿ ಊದಿತು. ಬೆಳಿಗ್ಗೆ ತಿಂದ ರೊಟ್ಟಿಗೆ ಅವನಿಗೆ ಏನೂ ಆಗಿರಲಿಲ್ಲ. ಒರಳಿನ ತಳದಲ್ಲಿ ಶೇಂಗಾದ ಎಣ್ಣೆ ಮಿನುಗುತ್ತಿತ್ತು. ಕಳ್ಳ ನನ್ನೊಬ್ಬಳ ಕಣ್ಣಿಗೆ ಬಿದ್ದಿದ್ದ.

ನಿಮ್ಮ ತಂದೆ ಬಂದು, "ರೊಟ್ಟಿ ತಿಂದಮ್ಯಾಲೆ ಆತೇನು?" ಎಂದು ಕೇಳಿದರು.

"ಹೂಂರಿ," ಅಂದೆ.

ಒಂದೇ ಮಾತು. ಜೋಳ ಹೋಯಿತು. ಹುಟ್ಟಿದಾಗಿನಿಂದ ರೊಟ್ಟಿ ತಿಂದು ಬೆಳೆದ ಮನುಷ್ಯನ ತಾಟಿನಿಂದ ರೊಟ್ಟಿ ಹೋದಾಗ ಅವನ ಮುಖ ನೋಡಬೇಕಿತ್ತು ನೀವು. ನನಗೆ ಎಷ್ಟೋ ತಿಂಗಳ ಮೇಲೆ ಹಸಿವಾಯಿತು. ಹೊಟ್ಟೆ ತುಂಬ ಊಟ ಮಾಡಿದೆ.

ಆಮೇಲೆ ಹಾಲಿನ ಸರದಿ ಬಂತು, ಉಂಡೆಯಲ್ಲಿ ಚಿಟಿಕೆ ಶೇಂಗಾಪುಡಿ. ಹಾಲು ಹೋಯಿತು. ತೊಗರಿ ಬಂತು, ಹೋಯಿತು. ಹುಣಸೆ ಹೋಯಿತು, ಬದನೆಕಾಯಿ ಹೋಯಿತು. ವಾಸನೆ ತಿಳಿಯದಂತೆ ಜೀರಿಗೆ ಹೆಚ್ಚು ಹಾಕುತ್ತಿದ್ದೆ. ಸಾಯಿಸುವ ಮನಸ್ಸಿರಲಿಲ್ಲ — ಇಲ್ಲ, ಸುಳ್ಳು ಬೇಡ. ಸತ್ತರೆ ಸಾಯಲಿ ಎಂದೇ ಇತ್ತು; ಆದರೆ ಬೇಗ ಸಾಯುವುದು ಬೇಡವಾಗಿತ್ತು. ಇಷ್ಟಿಷ್ಟೇ ಕಳೆದುಕೊಳ್ಳಲಿ, ಬಾಗಿಲಲ್ಲಿ ಕೂತು ಬರದ ಗಾಡಿಗೆ ನಾನು ಕಾದಂತೆ ಅವನೂ ಒಂದು ತುತ್ತಿಗೆ ಕಾಯಲಿ. ಪಟೇಲ ಶರಣಪ್ಪ ಮಕ್ಕಳ ಹಾಗೆ ಗಂಜಿಯ ಬಟ್ಟಲೆದುರು ಅತ್ತ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಸಿಹಿಯಾಗಿತ್ತು.

ಆ ಸಿಹಿಯಲ್ಲಿ ನಾನು ಮರೆತದ್ದು ನಿಮ್ಮ ತಂದೆಯನ್ನು. ಅವು ಎಂಥ ದಿನಗಳೆಂದು ನಿಮಗೆ ಗೊತ್ತು. ಅವರಿಗೂ ರಜಾಕಾರರಿಗೂ ಯಾವ ಸಂಬಂಧವೂ ಇರಲಿಲ್ಲವೆಂದು ಊರಿಗೆ ತಿಳಿದಿತ್ತು. ತಿಳಿದೂ ಜನರ ಕಣ್ಣು ಬದಲಾಗಿತ್ತು. ಒಂದು ಮಧ್ಯಾಹ್ನ ಭಾವನ ಮುಖವೆಲ್ಲ ಊದಿಕೊಂಡಿತ್ತು. ನಿಮ್ಮ ತಂದೆ ಅಂಗಳಕ್ಕೆ ಕಾಲಿಡುತ್ತಲೇ ಅವನು ಕೂಗಿದ: "ಇಷ ಹಾಕಾಕತ್ತಾನ ಇವ! ರಾಜ್ಯ ಹೋತಂತ ನನ್ನ ಮ್ಯಾಲೆ ಸೇಡು ತೀರಿಸ್ಕೊಳ್ಳಾಕತ್ತಾನ!"

ನಾಲ್ಕು ಜನ ಓಡಿ ಬಂದರು. ಔಷಧದ ಪೆಟ್ಟಿಗೆಯನ್ನು ಒದ್ದು ಉರುಳಿಸಿದರು. ನಿಮ್ಮ ತಂದೆ ಹೆದರಿದ್ದರು, ಆದರೂ ದನಿ ಏರಿಸಲಿಲ್ಲ. "ದವಾದ ತಪ್ಪಲ್ಲರಿ. ತಿನ್ನೂದ್ರಾಗ ಏನೋ ಐತಿ. ಅವರು ಈಗ ತಿಂದದ್ದು ತರ್ರಿ" ಅಂದರು.

ನಾನೇ ತಟ್ಟೆ ತಂದೆ. ಅವರು ಉಂಡೆ ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಅಗಿಯುವುದು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು — ಅವರಿಗೆ ತಿಳಿಯಿತು. ನನಗೆ ತಿಳಿಯಿತು, ಅವರಿಗೆ ತಿಳಿಯಿತೆಂದು.

"ಏನ್ ಸಿಕ್ತು, ಹೇಳು!" ಯಾರೋ ಅವರ ಭುಜ ಹಿಡಿದು ಅಲುಗಾಡಿಸಿದರು.

"ಏನೂ ಇಲ್ಲರಿ," ಅಂದರು. "ತಿನಿಸು ಛಲೋ ಐತಿ. ತಪ್ಪು ನಂದೇ."

ನಾನು ಬಾಯಿ ತೆರೆಯಲಿಲ್ಲ. ಅವರನ್ನು ಊರ ಹೊರಗಿನವರೆಗೆ ನೂಕಿಕೊಂಡು ಹೋದರು. ಪೇಟ ದಾರಿಯಲ್ಲೇ ಬಿದ್ದಿತ್ತು. ನನ್ನ ಮೇಲೆ ಕರುಣೆಯಿಂದ ಹಾಗೆಂದರೋ, ಹೇಳಿದರೂ ಯಾರೂ ನಂಬುವುದಿಲ್ಲವೆಂದು ಹಾಗೆಂದರೋ — ನನಗೆ ಸಮಾಧಾನ ಕೊಡುವುದನ್ನು ಆರಿಸಿಕೊಳ್ಳುವ ಹಕ್ಕು ನನಗಿಲ್ಲ.

ಅವತ್ತೇ ಶೇಂಗಾ ಹಾಕುವುದನ್ನು ನಿಲ್ಲಿಸಿದೆ; ಅವನ ಯಾವ ಅಡುಗೆಗೂ ಮತ್ತೆ ಅದನ್ನು ಸೋಕಿಸಲಿಲ್ಲ. ಅದೇ ನಿಮ್ಮ ತಂದೆಯ ಮೇಲೆ ಸಾಕ್ಷಿಯಾಯಿತು. ಹದಿನೈದು ದಿನದಲ್ಲಿ ಭಾವನ ಮೈ ತಿಳಿಯಾಯಿತು. "ಹಕೀಮ ಹೋದ, ಗಂಧಿ ಹೋತು" ಎಂದು ಮಲ್ದಕಲ್ಲಿನಿಂದ ಗದ್ವಾಲಿನವರೆಗೆ ಮಾತಾಯಿತು. ಗದ್ವಾಲಿನ ನಿಮ್ಮ ಔಷಧದ ಅಂಗಡಿಗೆ ಯಾರೂ ಬರಲಿಲ್ಲ. ನೀವೆಲ್ಲ ಊರು ಬಿಟ್ಟು ಹೋದ ಸುದ್ದಿ ಕೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ಎಷ್ಟೋ ವರ್ಷಗಳ ಮೇಲೆ ಭಾವ ಹಾಸಿಗೆ ಹಿಡಿದಾಗ ಎಲ್ಲವನ್ನೂ ಅವನಿಗೆ ಹೇಳಿದೆ. ಅವನು ಬೆಚ್ಚಲಿ ಎಂದೇ ಹೇಳಿದೆ. ಅವನು ಕೇಳಿದ್ದು ಒಂದೇ.

"ಪಾರೂನ ಸಲುವಾಗೇನು?"

"ಹೂಂ."

"ಆ ಎತ್ತು ಎರಡ ವರ್ಷಕ್ಕ ಸತ್ವು," ಅಂದ. ಆಮೇಲೆ, "ಹಕೀಮನ ಸುದ್ದಿ ಯಾರಿಗೂ ಹೇಳಬ್ಯಾಡ. ಮಂದಿ ನಮ್ಮ ಮನೀಗೆ ಉಗುಳತಾರ" ಅಂದು ಗೋಡೆಗೆ ಮುಖ ಮಾಡಿದ.

ಅವನ ಮಾತು ನಡೆಸಿದೆ. ಅವನಿಗಾಗಿ ಅಲ್ಲ, ನನಗಾಗಿ. ಅವನಿಗೆ ಮಾಡಿದ್ದಕ್ಕೆ ಇವತ್ತಿಗೂ ನನ್ನಲ್ಲಿ ಪಶ್ಚಾತ್ತಾಪ ಹುಟ್ಟಿಲ್ಲ. ಹುಟ್ಟಿದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಆದರೆ ನಿಮ್ಮ ತಂದೆ —

ಹೋದ ವಾರ ಗದ್ವಾಲಿಗೆ ಹೋಗಿದ್ದೆ. ನಿಮ್ಮ ಅಂಗಡಿಯಿದ್ದ ಓಣಿಯ ಕಟ್ಟೆಯ ಮೇಲೆ ಇಬ್ಬರು ಮುದುಕರು ಕೂತಿದ್ದರು. ನೀವು ಈಗ ಕರ್ನೂಲಿನಲ್ಲಿ ಇದ್ದೀರಿ ಎಂದು ಹೇಳಿದವರು ಅವರೇ. ಅವರಲ್ಲೊಬ್ಬ ನಿಮ್ಮ ತಂದೆಯ ಹೆಸರು ಕೇಳಿ, "ಪಟೇಲಗ ಇಷ ಕೊಟ್ಟಿದ್ನಲ್ಲಾ, ಆ ಹಕೀಮನಾ?" ಅಂದ. ನಾನು ಕಟ್ಟೆಯ ಮೇಲೆ ಕೂತು, ನೀರು ಕೇಳಿ ಕುಡಿದು, ಮೊದಲಿನಿಂದ ಹೇಳಿದೆ. ಓಣಿಯ ಜನ ಒಬ್ಬೊಬ್ಬರೇ ಬಂದು ನಿಂತರು. ಮುಗಿಸುವವರೆಗೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ.

ಇನ್ನು ಮಲ್ದಕಲ್ಲಿನಲ್ಲಿ ಹೇಳಬೇಕು, ನಮ್ಮ ಊರಿನ ಅಂಗಳದಲ್ಲಿ ಹೇಳಬೇಕು. ಅದಾದ ಮೇಲೆ ನಿಮ್ಮ ಬಾಗಿಲಿಗೆ ಬರುತ್ತೇನೆ. ಕ್ಷಮೆ ಕೇಳಲು ಅಲ್ಲ. ನೀವು ಏನು ಕೇಳಿದರೂ ಉತ್ತರ ಹೇಳಲು.